ಸಂದರ್ಶಕರ ಮಾಹಿತಿ ಮತ್ತು ಜಾಲತಾಣ: ಒಂದು ಸಣ್ಣ ಪಾರಂಪರಿಕ ತಾಣದ ನಿದರ್ಶನ

ಬೆಂಗಳೂರಿನ ಉತ್ತರ ಭಾಗವು ಕೈಗಾರಿಕೆಗೂ ಸಗಟು ವ್ಯಾಪಾರಕ್ಕೂ ಹೆಸರಾದಂತೆ ಇತಿಹಾಸಕ್ಕೂ ಹೆಸರಾದ ಪ್ರದೇಶವಾಗಿದೆ. ಯಲಹಂಕವು ನಾಡಪ್ರಭುಗಳ ಊರು. ಮೇಖ್ರಿ ವೃತ್ತದ ಬಳಿ ಕೆಂಪೇಗೌಡರ ಹೆಸರಿನ ಗಡಿಗೋಪುರವಿದೆ. ಹೆಬ್ಬಾಳದಲ್ಲಿ ದೊರೆತ ಕಿತ್ತಯ್ಯನ ಶಾಸನವು ಸುಮಾರು ಕ್ರಿ.ಶ. 750ರದೆಂದು ವಿದ್ವಾಂಸರು ಹೇಳುತ್ತಾರೆ. ಇಂತಹ ಪರಿಸರದಲ್ಲಿ ಹಳೆಯ ಮನೆ, ಮಂಟಪ, ಕಾರ್ಖಾನೆಯ ಕಟ್ಟಡಗಳನ್ನು ದುರಸ್ತಿಗೊಳಿಸಿ ಜನರಿಗೆ ತೆರೆದಿಡುವ ಪ್ರಯತ್ನಗಳು ಸಹಜ. ಆ ಕಟ್ಟಡದ ಬಾಗಿಲು ತೆರೆಯುವುದಕ್ಕೆ ಮೊದಲೇ ಅದರ ಜಾಲತಾಣವು ತೆರೆದಿರುತ್ತದೆ ಎಂಬುದು ಇಂದಿನ ವಾಸ್ತವ.

ವಿಷಯವನ್ನು ಸ್ಪಷ್ಟಪಡಿಸಲು ಒಂದು ಕಾಲ್ಪನಿಕ ನಿದರ್ಶನವನ್ನು ಇಟ್ಟುಕೊಳ್ಳುವುದು ಅನುಕೂಲ. ಯಲಹಂಕದ ಹಳೆಯ ಬೀದಿಯಲ್ಲಿ ನೂರು ವರ್ಷ ದಾಟಿದ ಒಂದು ತೊಟ್ಟಿಮನೆಯಿದೆ ಎಂದು ಭಾವಿಸೋಣ. ಒಂದು ಟ್ರಸ್ಟ್ ಅದನ್ನು ನಡೆಸುತ್ತಿದೆ. ಮುಂಭಾಗದಲ್ಲಿ ಸಣ್ಣ ವಸ್ತುಸಂಗ್ರಹಾಲಯ, ಹಿಂಭಾಗದಲ್ಲಿ ಸಂಗೀತ ಕಛೇರಿಗೆ, ಸಭೆಗೆ ಬಾಡಿಗೆಗೆ ದೊರೆಯುವ ಅಂಗಳ. ಜಾಲತಾಣದಲ್ಲಿ ಪ್ರವೇಶ ಚೀಟಿ ಕಾಯ್ದಿರಿಸುವ ನಮೂನೆ ಇದ್ದು, ಅದು ಹೆಸರು, ಮೊಬೈಲ್ ಸಂಖ್ಯೆ, ಇಮೇಲ್, ಹುಟ್ಟಿದ ದಿನಾಂಕ, ವಿಳಾಸ ಮತ್ತು ಆಧಾರ್ ಸಂಖ್ಯೆಯನ್ನು ಕೇಳುತ್ತದೆ. ಇಷ್ಟೆಲ್ಲ ಏಕೆ ಎಂದರೆ ಉತ್ತರವಿಲ್ಲ. ಜಾಲತಾಣ ಮಾಡಿಕೊಟ್ಟವರ ಬಳಿ ಸಿದ್ಧ ನಮೂನೆಯಿತ್ತು, ಅಷ್ಟೇ. ದಿನಕ್ಕೆ 40 ಮಂದಿಯಂತೆ ವರ್ಷಕ್ಕೆ 300 ದಿನ ಕಾಯ್ದಿರಿಸಿದರೆ ಮೂರು ವರ್ಷಗಳಲ್ಲಿ 36,000 ಜನರ ವಿವರಗಳು ಕೂಡುತ್ತವೆ. ಅವೆಲ್ಲವೂ ಕಚೇರಿ ಸಹಾಯಕರ ಲ್ಯಾಪ್‌ಟಾಪಿನ ಒಂದು ಎಕ್ಸೆಲ್ ಕಡತದಲ್ಲಿ, ಪಾಸ್‌ವರ್ಡ್ ಇಲ್ಲದೆ ಕುಳಿತಿವೆ. ಯಶವಂತಪುರದ ಸಗಟು ಅಂಗಡಿಯಾಗಲಿ, ಆರ್.ಟಿ. ನಗರದ ಸಿದ್ಧ ಉಡುಪಿನ ಘಟಕವಾಗಲಿ ತನ್ನ ಗ್ರಾಹಕರ ಪಟ್ಟಿಯನ್ನು ಇದಕ್ಕಿಂತ ಭಿನ್ನವಾಗಿ ಇಟ್ಟಿದೆಯೇ ಎಂದು ಒಮ್ಮೆ ನೋಡಿಕೊಳ್ಳಬಹುದು.

ಕಾನೂನು ಬಂದ ದಾರಿ

ಖಾಸಗಿತನವು ಸಂವಿಧಾನದ 21ನೇ ವಿಧಿಯಡಿ ಮೂಲಭೂತ ಹಕ್ಕು ಎಂದು ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಮೂರ್ತಿಗಳ ಪೀಠವು 2017ರ ಆಗಸ್ಟ್ 24ರಂದು ಒಮ್ಮತದಿಂದ ತೀರ್ಪಿತ್ತಿತು. ಆ ಪ್ರಕರಣದ ಅರ್ಜಿದಾರರು ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು. ಆಧಾರ್ ಯೋಜನೆಯನ್ನು ಪ್ರಶ್ನಿಸಿ 2012ರಲ್ಲಿ ಅರ್ಜಿ ಸಲ್ಲಿಸಿದಾಗ ಅವರ ವಯಸ್ಸು ಎಂಬತ್ತನ್ನು ದಾಟಿತ್ತು. 2024ರ ಅಕ್ಟೋಬರ್‌ನಲ್ಲಿ ಅವರು ಬೆಂಗಳೂರಿನಲ್ಲಿ ನಿಧನರಾದರು. ಇಂದು ದೇಶದ ಪ್ರತಿಯೊಂದು ಅಂಗಡಿಗೂ ಅನ್ವಯವಾಗಲಿರುವ ಕಾನೂನಿನ ಬೇರು ಈ ನಗರದ ಹಿರಿಯರೊಬ್ಬರ ಅರ್ಜಿಯಲ್ಲಿದೆ.

ತೀರ್ಪಿನ ನಂತರ ಹಲವು ಕರಡುಗಳು ಬಂದು ಹೋದವು. ಕಡೆಗೆ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಗೆ 2023ರ ಆಗಸ್ಟ್ 11ರಂದು ರಾಷ್ಟ್ರಪತಿಗಳ ಅಂಕಿತ ದೊರೆಯಿತು. ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು. ಮಂಡಳಿಯ ರಚನೆಗೆ ಸಂಬಂಧಿಸಿದ ಕಲಂಗಳು ಕೂಡಲೇ ಜಾರಿಗೆ ಬಂದವು. ವ್ಯಾಪಾರಿಗಳನ್ನು ನೇರವಾಗಿ ಮುಟ್ಟುವ ಕರ್ತವ್ಯಗಳಿಗೆ ಅಧಿಸೂಚನೆಯು 18 ತಿಂಗಳ ಕಾಲಾವಕಾಶ ನೀಡಿದೆ, ಅಂದರೆ 2027ರ ಮೇ ತಿಂಗಳವರೆಗೆ. ಅಲ್ಲಿಯತನಕ ಮಾಹಿತಿ ತಂತ್ರಜ್ಞಾನ ಕಾಯ್ದೆ, 2000ರ 43ಎ ಕಲಮು ಮತ್ತು ಅದರಡಿಯ 2011ರ ನಿಯಮಗಳು ಇದ್ದೇ ಇರುತ್ತವೆ. ಅವಧಿ ಇದೆಯೆಂದು ಸುಮ್ಮನಿರುವುದು ವಿವೇಕವಲ್ಲ. ಜಿ.ಎಸ್.ಟಿ. ಬಂದ 2017ರ ಜುಲೈ ತಿಂಗಳಿನಲ್ಲಿ ಕೊನೆಯ ವಾರದ ಸಿದ್ಧತೆ ಹೇಗಿತ್ತೆಂಬುದು ವರ್ತಕರಿಗೆ ಮರೆತಿರಲಾರದು.

ಕಾಯ್ದೆಯ ಭಾಷೆಯಲ್ಲಿ ಮಾಹಿತಿ ಕೊಡುವ ವ್ಯಕ್ತಿ ‘ಡೇಟಾ ಪ್ರಿನ್ಸಿಪಲ್’. ಅದನ್ನು ಯಾವ ಉದ್ದೇಶಕ್ಕೆ, ಹೇಗೆ ಬಳಸಬೇಕೆಂದು ತೀರ್ಮಾನಿಸುವವರು ‘ಡೇಟಾ ಫಿಡ್ಯೂಷಿಯರಿ’, ಅಂದರೆ ನಂಬಿ ಒಪ್ಪಿಸಿದ್ದನ್ನು ಕಾಯುವವರು. ಟ್ರಸ್ಟಿಗಳಿಗೆ ಈ ಪರಿಕಲ್ಪನೆಯನ್ನು ಪ್ರತ್ಯೇಕವಾಗಿ ವಿವರಿಸಬೇಕಾಗಿಲ್ಲ. ಸಂಸ್ಥೆ ಚಿಕ್ಕದೆಂಬ ಕಾರಣಕ್ಕೆ ಕಾಯ್ದೆಯಿಂದ ಬಿಡುಗಡೆಯಿಲ್ಲ. ನವೋದ್ಯಮಗಳೂ ಸೇರಿದಂತೆ ಕೆಲವು ವರ್ಗಗಳಿಗೆ ರಿಯಾಯಿತಿ ನೀಡುವ ಅಧಿಕಾರವನ್ನು 17(3) ಕಲಮು ಸರ್ಕಾರಕ್ಕೆ ಕೊಟ್ಟಿರುವುದು ನಿಜ. ಆದರೆ ಆ ರಿಯಾಯಿತಿಯು ನೋಟಿಸು, ಅಳಿಸುವಿಕೆ ಮುಂತಾದ ಕೆಲವು ಕರ್ತವ್ಯಗಳಿಗೆ ಮಾತ್ರ ಸೀಮಿತ. ಸುರಕ್ಷತಾ ಕ್ರಮ ಮತ್ತು ಸೋರಿಕೆಯ ವರದಿ ಅದರಲ್ಲಿಯೂ ಉಳಿದುಕೊಳ್ಳುತ್ತವೆ.

ಯಾವುದು ಬೇಕು, ಯಾವುದು ಬೇಡ

ಒಪ್ಪಿಗೆ ಪಡೆದರೂ ಆ ಉದ್ದೇಶಕ್ಕೆ ಅವಶ್ಯವಾದ ಮಾಹಿತಿಗಷ್ಟೇ ಒಪ್ಪಿಗೆ ಅನ್ವಯಿಸುತ್ತದೆ ಎಂಬುದು ಕಾಯ್ದೆಯ ಮುಖ್ಯ ಸೂತ್ರ. ತೊಟ್ಟಿಮನೆಯ ನಮೂನೆಯನ್ನು ಈ ಸೂತ್ರದ ಮುಂದೆ ಇಟ್ಟು ನೋಡಿದರೆ ಅರ್ಧದಷ್ಟು ಅಂಕಣಗಳು ಉದುರುತ್ತವೆ. ಚೀಟಿ ಕಳಿಸಲು ಹೆಸರು ಮತ್ತು ಇಮೇಲ್ ಅಥವಾ ಮೊಬೈಲ್, ಈ ಎರಡರಲ್ಲಿ ಒಂದು ಸಾಕು. ಹಿರಿಯ ನಾಗರಿಕರ ರಿಯಾಯಿತಿಗೆ ಹುಟ್ಟಿದ ದಿನಾಂಕ ಬೇಡ. ‘ಅರವತ್ತು ದಾಟಿದೆ’ ಎಂಬ ಗುರುತು ಹಾಕಿಸಿ ಬಾಗಿಲಲ್ಲಿ ಕಾರ್ಡು ನೋಡಿದರಾಯಿತು. ನೋಡುವುದು ಬೇರೆ, ಬರೆದಿಟ್ಟುಕೊಳ್ಳುವುದು ಬೇರೆ. ಆಧಾರ್ ಸಂಖ್ಯೆಗಂತೂ ಇಲ್ಲಿ ಕೆಲಸವೇ ಇಲ್ಲ.

ಬಿಲ್ಲಿಗೆ ಮೊಬೈಲ್ ಸಂಖ್ಯೆ ಕಡ್ಡಾಯವೆಂಬ ನಂಬಿಕೆ ವರ್ತಕರಲ್ಲಿ ಬೇರೂರಿದೆ. ನೋಂದಣಿಯಿಲ್ಲದ ಗ್ರಾಹಕರಿಗೆ ಕೊಡುವ ತೆರಿಗೆ ಬೀಜಕದಲ್ಲಿ ಹೆಸರು, ವಿಳಾಸ ಬೇಕೆಂದು ಸಿ.ಜಿ.ಎಸ್.ಟಿ. ನಿಯಮ 46 ಸಾಮಾನ್ಯವಾಗಿ ಹೇಳುವುದು ಮೌಲ್ಯ ರೂ. 50,000 ಅಥವಾ ಹೆಚ್ಚಾದಾಗ; ಮೊಬೈಲ್ ಸಂಖ್ಯೆಯನ್ನು ಆಗಲೂ ಅದು ಕೇಳುವುದಿಲ್ಲ. ಬಿಲ್ಲು ಕೊಡಲು ಮೊಬೈಲ್ ಸಂಖ್ಯೆಗೆ ಒತ್ತಾಯಿಸಬಾರದೆಂದು ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆಯು 2023ರ ಮೇ ತಿಂಗಳಲ್ಲಿಯೇ ಚಿಲ್ಲರೆ ವ್ಯಾಪಾರಿಗಳಿಗೆ ಸಲಹೆ ನೀಡಿದೆ. ಗ್ರಾಹಕರೇ ಇ-ರಸೀದಿಗೆಂದು ಸಂಖ್ಯೆ ಕೊಟ್ಟರೆ ರಸೀದಿ ಕಳಿಸಲು ಬಳಸಬಹುದು. ಅದೇ ಸಂಖ್ಯೆಗೆ ಯುಗಾದಿಯ ರಿಯಾಯಿತಿ ಮಾರಾಟದ ವಾಟ್ಸ್‌ಆ್ಯಪ್ ಸಂದೇಶ ಹೋಗಬೇಕಾದರೆ ಅದಕ್ಕೆ ಬೇರೆಯೇ ಒಪ್ಪಿಗೆ ಬೇಕು. ಮೊದಲೇ ಗುರುತು ಹಾಕಿಟ್ಟ ಚೌಕವನ್ನು ಒಪ್ಪಿಗೆಯೆಂದು ತೋರಿಸಲಾಗದು. ಸ್ಪಷ್ಟ ಕ್ರಿಯೆಯಿಂದ ಒಪ್ಪಿಗೆ ವ್ಯಕ್ತವಾಗಬೇಕು.

ಟ್ರಸ್ಟಿನ ದೇಣಿಗೆಯ ಪುಟ ಬೇರೆ ಮಾತು. ದಾನಿಗೆ ತೆರಿಗೆ ವಿನಾಯಿತಿ ಸಿಗಬೇಕಾದರೆ ಗುರುತಿನ ಸಂಖ್ಯೆಯೊಡನೆ ದಾನಿಗಳ ವಿವರಪಟ್ಟಿಯನ್ನು ಆದಾಯ ತೆರಿಗೆ ಇಲಾಖೆಗೆ ಸಲ್ಲಿಸಬೇಕೆಂಬ ವ್ಯವಸ್ಥೆ 2021-22ನೇ ಆರ್ಥಿಕ ವರ್ಷದಿಂದ ಬಂದಿದೆ. ಆದ್ದರಿಂದ ಅಲ್ಲಿ ಪ್ಯಾನ್ ಕೇಳುವುದು ಸರಿ. ಪ್ರವೇಶ ಚೀಟಿಯ ಪುಟದಲ್ಲಿಯೂ ಅದನ್ನೇ ಕೇಳುವುದು ಸರಿಯಲ್ಲ. ಕಾರ್ಡಿನ ವಿಷಯದಲ್ಲಿ ಆಯ್ಕೆಯೇ ಇಲ್ಲ: ರಿಸರ್ವ್ ಬ್ಯಾಂಕಿನ ಆದೇಶದಂತೆ 2022ರ ಅಕ್ಟೋಬರ್ 1ರಿಂದ ವರ್ತಕರು ಗ್ರಾಹಕರ ಕಾರ್ಡ್ ಸಂಖ್ಯೆಯನ್ನು ಉಳಿಸಿಟ್ಟುಕೊಳ್ಳುವಂತಿಲ್ಲ.

ಬಾಗಿಲ ಬಳಿ ಮೇಜಿನ ಮೇಲಿಟ್ಟ ಅಭಿಪ್ರಾಯ ಪುಸ್ತಕದ ಗತಿಯೇನು? ಕಾಗದದಲ್ಲಿ ಕೈಬರಹದಲ್ಲಿ ಇರುವಷ್ಟು ಕಾಲ ಈ ಕಾಯ್ದೆ ಅದನ್ನು ಮುಟ್ಟುವುದಿಲ್ಲ. ಯಾರೋ ಉತ್ಸಾಹಿಗಳು ಸಂಜೆ ಕುಳಿತು ಅದರಲ್ಲಿನ ಹೆಸರು, ಸಂಖ್ಯೆಗಳನ್ನು ಕಂಪ್ಯೂಟರಿಗೆ ಏರಿಸಿದ ಕ್ಷಣದಿಂದ ಮುಟ್ಟುತ್ತದೆ.

ಶಾಲಾ ಪ್ರವಾಸ

ಪಾರಂಪರಿಕ ತಾಣಕ್ಕೆ ಬರುವವರಲ್ಲಿ ಶಾಲಾ ಮಕ್ಕಳದೇ ದೊಡ್ಡ ಪಾಲು. ಕಾಯ್ದೆಯ ಪ್ರಕಾರ 18 ವರ್ಷ ತುಂಬದವರೆಲ್ಲರೂ ಮಕ್ಕಳು. ಅವರ ಮಾಹಿತಿಗೆ ಪೋಷಕರ ದೃಢಪಡಿಸಬಹುದಾದ ಒಪ್ಪಿಗೆ ಬೇಕು. ಅವರನ್ನು ಗುರಿಯಾಗಿಸಿದ ಜಾಹೀರಾತು, ಅವರ ಚಲನವಲನದ ಜಾಡು ಹಿಡಿಯುವುದು ನಿಷಿದ್ಧ. ಅರವತ್ತು ಮಕ್ಕಳ ಪೋಷಕರಿಂದ ಒಪ್ಪಿಗೆ ಸಂಗ್ರಹಿಸುವ ಶ್ರಮಕ್ಕಿಂತ ಮಕ್ಕಳ ಹೆಸರನ್ನೇ ಕೇಳದಿರುವುದು ಸುಲಭ. ಶಾಲೆಯ ಹೆಸರು, ಜೊತೆಗೆ ಬರುವ ಶಿಕ್ಷಕರ ಹೆಸರು ಮತ್ತು ದೂರವಾಣಿ, ಮಕ್ಕಳ ಸಂಖ್ಯೆ: ಇಷ್ಟರಿಂದ ಪ್ರವಾಸ ನಡೆಯುತ್ತದೆ. ಬಣ್ಣ ಹಚ್ಚುವ ಸ್ಪರ್ಧೆಯ ವಿಜೇತರ ಭಾವಚಿತ್ರವನ್ನು ಹೆಸರು, ತರಗತಿ ಸಹಿತ ಜಾಲತಾಣದಲ್ಲಿ ಹಾಕುವ ರೂಢಿಯನ್ನೂ ಮರುಪರಿಶೀಲಿಸಬೇಕು.

ಇಟ್ಟುಕೊಳ್ಳುವುದು, ಅಳಿಸುವುದು

ಲೆಕ್ಕಪತ್ರಗಳನ್ನು ಜೋಪಾನ ಮಾಡಿದವರಿಗೆ ಅಳಿಸುವ ಕರ್ತವ್ಯ ವಿಚಿತ್ರವೆನಿಸುವುದು ಸಹಜ. ಉದ್ದೇಶ ತೀರಿದ ಮೇಲೆ ಅಥವಾ ಒಪ್ಪಿಗೆ ಹಿಂಪಡೆದ ಮೇಲೆ ಮಾಹಿತಿಯನ್ನು ಅಳಿಸಬೇಕು ಎನ್ನುತ್ತದೆ 8(7) ಕಲಮು. ಇನ್ನಾವುದಾದರೂ ಕಾನೂನಿನ ಪಾಲನೆಗೆ ಬೇಕಾದದ್ದನ್ನು ಇಟ್ಟುಕೊಳ್ಳಲು ಅದೇ ಕಲಮು ಅವಕಾಶ ಕೊಡುತ್ತದೆ. ಸಿ.ಜಿ.ಎಸ್.ಟಿ. ಕಾಯ್ದೆಯ 36ನೇ ಕಲಮಿನಂತೆ ಲೆಕ್ಕಪುಸ್ತಕಗಳನ್ನು ವಾರ್ಷಿಕ ವಿವರಪಟ್ಟಿ ಸಲ್ಲಿಸಬೇಕಾದ ದಿನಾಂಕದಿಂದ 72 ತಿಂಗಳು ಕಾಪಾಡಬೇಕು. ವಸ್ತುಸಂಗ್ರಹಾಲಯದ ಪ್ರವೇಶಕ್ಕೆ ಜಿ.ಎಸ್.ಟಿ. ವಿನಾಯಿತಿ ಇದ್ದರೂ ಅಂಗಳದ ಬಾಡಿಗೆಗೆ ಸಾಮಾನ್ಯವಾಗಿ ಇಲ್ಲ. ಹಾಗಾದರೆ ಬಾಡಿಗೆಯ ಬೀಜಕ ಉಳಿಯುತ್ತದೆ. ಬಾಡಿಗೆಗೆ ಪಡೆದವರು ನಮೂನೆಯಲ್ಲಿ ತುಂಬಿದ ಸಮಾರಂಭದ ವಿವರ, ಮನೆಯ ವಿಳಾಸ, ಅತಿಥಿಗಳ ಪಟ್ಟಿ ಉಳಿಯಬೇಕಾಗಿಲ್ಲ. ಎರಡನ್ನೂ ಒಂದೇ ಕಡತದಲ್ಲಿ ಇಟ್ಟರೆ ಮುಂದೆ ಬೇರ್ಪಡಿಸಲಾಗದು. ಮೊದಲ ದಿನವೇ ಬೇರೆ ಇಡುವುದು ಲೇಸು.

ಅವಸರದಲ್ಲಿ ಅಳಿಸುವುದೂ ತಪ್ಪಾದೀತು. ಮಾಹಿತಿಯನ್ನೂ ಅದರ ಬಳಕೆಯ ದಾಖಲೆಗಳನ್ನೂ ಕನಿಷ್ಠ ಒಂದು ವರ್ಷ ಇಟ್ಟಿರಬೇಕೆಂದು 2025ರ ನಿಯಮಗಳು ವಿಧಿಸಿವೆ. ತೊಟ್ಟಿಮನೆಯಂತಹ ಸಂಸ್ಥೆಯು ಪ್ರತಿ ಏಪ್ರಿಲ್‌ನಲ್ಲಿ, ಹಿಂದಿನ ಆರ್ಥಿಕ ವರ್ಷಕ್ಕೂ ಹಿಂದಿನ ಕಾಯ್ದಿರಿಸುವಿಕೆಗಳನ್ನು ಅಳಿಸಿ ಆ ಬಗ್ಗೆ ಟ್ರಸ್ಟಿನ ನಡಾವಳಿಯಲ್ಲಿ ಒಂದು ಸಾಲು ಬರೆದಿಟ್ಟರೆ ಅನುಕೂಲ.

ಬೇರೆಯವರ ಕೈಯಲ್ಲಿರುವ ಕೀಲಿಕೈ

ಸಣ್ಣ ಸಂಸ್ಥೆಗಳ ಜಾಲತಾಣವನ್ನು ನಡೆಸುವವರು ಹೊರಗಿನವರು. ಕಾಯ್ದಿರಿಸುವ ತಂತ್ರಾಂಶ ಒಬ್ಬರದು, ಸರ್ವರ್ ಇನ್ನೊಬ್ಬರದು, ಸಂದೇಶ ಕಳಿಸುವವರು ಮತ್ತೊಬ್ಬರು. ಬ್ರಿಟನ್ನಿನಲ್ಲಿ ಹಳೆಯ ಮನೆ, ತೋಟಗಳನ್ನು ಕಾಪಾಡುತ್ತಿರುವ ನ್ಯಾಷನಲ್ ಟ್ರಸ್ಟ್ 1895ರಷ್ಟು ಹಳೆಯ ಸಂಸ್ಥೆ. 2020ರಲ್ಲಿ ಅದರ ಸ್ವಯಂಸೇವಕರ ಮತ್ತು ನಿಧಿ ಸಂಗ್ರಹಕ್ಕೆ ಸಂಬಂಧಿಸಿದವರ ಮಾಹಿತಿ ಕಳ್ಳರ ಕೈಸೇರಿತು. ಕನ್ನ ಬಿದ್ದದ್ದು ಟ್ರಸ್ಟಿಗಲ್ಲ. ಅನೇಕ ದತ್ತಿ ಸಂಸ್ಥೆಗಳಿಗೆ ತಂತ್ರಾಂಶ ಒದಗಿಸುತ್ತಿದ್ದ ಬ್ಲ್ಯಾಕ್‌ಬಾಡ್ ಎಂಬ ಅಮೆರಿಕನ್ ಕಂಪನಿಗೆ. ಆ ಕಂಪನಿಯು 2023ರಲ್ಲಿ ಅಮೆರಿಕದ ರಾಜ್ಯಗಳೊಡನೆ 49.5 ದಶಲಕ್ಷ ಡಾಲರಿಗೆ ರಾಜಿ ಮಾಡಿಕೊಂಡಿತು. ಆದರೆ ಜನರಿಗೆ ಕ್ಷಮಾಪಣೆಯ ಪತ್ರ ಬರೆಯಬೇಕಾಗಿ ಬಂದದ್ದು ಅದರ ಗ್ರಾಹಕ ಸಂಸ್ಥೆಗಳಿಗೆ.

ನಮ್ಮ ಕಾಯ್ದೆಯೂ ಅದೇ ನಿಲುವಿನದು. ಸಂಸ್ಕರಿಸುವವರು ಯಾರೇ ಇರಲಿ, ಒಪ್ಪಂದದಲ್ಲಿ ಏನೇ ಬರೆದಿರಲಿ, ಹೊಣೆ ಫಿಡ್ಯೂಷಿಯರಿಯದು. ಲಿಖಿತ ಒಪ್ಪಂದವಿಲ್ಲದೆ, ಪರಿಚಯದ ಹುಡುಗನೆಂದು ಪಾಸ್‌ವರ್ಡ್ ಕೊಟ್ಟು ಮರೆಯುವ ಪದ್ಧತಿ ಇನ್ನು ನಡೆಯದು. ಕೆಲಸ ಬಿಟ್ಟವರ ಪ್ರವೇಶವನ್ನು ಅದೇ ದಿನ ರದ್ದುಪಡಿಸಬೇಕು. ಜಾಲತಾಣದೊಳಗೆ ಸೇರಿಸಿದ ಗೂಗಲ್ ಅನಾಲಿಟಿಕ್ಸ್, ಫೇಸ್‌ಬುಕ್‌ನ ಜಾಡು ಹಿಡಿಯುವ ಸಂಕೇತಗಳು ಏನನ್ನು ಹೊರಗೆ ಕಳಿಸುತ್ತಿವೆ ಎಂಬುದನ್ನೂ ಜಾಲತಾಣ ಮಾಡಿದವರಿಂದ ಬರಹದಲ್ಲಿ ಪಡೆಯತಕ್ಕದ್ದು.

ಸೋರಿಕೆಯಾದರೆ ಬಾಧಿತರಿಗೂ ದತ್ತಾಂಶ ಸಂರಕ್ಷಣಾ ಮಂಡಳಿಗೂ ವಿಳಂಬವಿಲ್ಲದೆ ತಿಳಿಸಬೇಕು. ಮಂಡಳಿಗೆ ಪೂರ್ಣ ವಿವರವನ್ನು 72 ಗಂಟೆಗಳೊಳಗೆ ಕೊಡಬೇಕು. ಇದಕ್ಕೂ ಮೊದಲಿನದೊಂದು ಗಡುವನ್ನು ಹಲವರು ಅರಿತಿಲ್ಲ: ಸೈಬರ್ ಘಟನೆಯನ್ನು 6 ಗಂಟೆಗಳೊಳಗೆ ವರದಿ ಮಾಡಬೇಕೆಂಬ ಸರ್ಟ್-ಇನ್ ಸಂಸ್ಥೆಯ 2022ರ ಏಪ್ರಿಲ್ 28ರ ನಿರ್ದೇಶನ. ಸಣ್ಣ ಉದ್ಯಮಗಳಿಗೂ ಅದು ಅದೇ ವರ್ಷದ ಸೆಪ್ಟೆಂಬರ್ 25ರಿಂದ ಅನ್ವಯವಾಗಿದೆ.

ದಂಡದ ಅಂಕಿಗಳು ದೊಡ್ಡವು. ಸುರಕ್ಷತಾ ಕ್ರಮದ ವೈಫಲ್ಯಕ್ಕೆ ರೂ. 250 ಕೋಟಿಯವರೆಗೆ, ಸೋರಿಕೆಯನ್ನು ತಿಳಿಸದಿದ್ದರೆ ಮತ್ತು ಮಕ್ಕಳ ವಿಷಯದ ಉಲ್ಲಂಘನೆಗೆ ರೂ. 200 ಕೋಟಿಯವರೆಗೆ. ಇವು ಗರಿಷ್ಠ ಮಿತಿಗಳು. ಲೋಪದ ಸ್ವರೂಪ, ಅದನ್ನು ಸರಿಪಡಿಸಲು ಕೈಗೊಂಡ ಕ್ರಮ, ದಂಡದ ಪರಿಣಾಮ ಇವನ್ನೆಲ್ಲ ಮಂಡಳಿ ಪರಿಗಣಿಸಬೇಕು. ಹೆದರಿಸುವ ಸಲಹೆಗಾರರು ಮೊದಲ ಭಾಗವನ್ನಷ್ಟೇ ಹೇಳುವುದುಂಟು. ದಂಡದ ಹಣ ಭಾರತದ ಸಂಚಿತ ನಿಧಿಗೆ ಸೇರುತ್ತದೆ, ನೊಂದವರಿಗಲ್ಲ. ಇದು ಕಾಯ್ದೆಯ ಒಂದು ಕೊರತೆಯೆಂದೇ ಹೇಳಬೇಕು. 43ಎ ಕಲಮಿನಲ್ಲಿ ಪರಿಹಾರಕ್ಕಾದರೂ ಅವಕಾಶವಿತ್ತು.

ಕನ್ನಡದಲ್ಲಿ ನೋಟಿಸು

ಅನೇಕ ಜಾಲತಾಣಗಳ ಖಾಸಗಿತನ ನೀತಿಯು ಹೊರದೇಶದಿಂದ ನಕಲು ಮಾಡಿದ್ದು. ಓದುತ್ತ ಹೋದರೆ ಕ್ಯಾಲಿಫೋರ್ನಿಯದ ನ್ಯಾಯಾಲಯದ ಹೆಸರು ಸಿಗುತ್ತದೆ. ನೋಟಿಸನ್ನು ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೇ ಅನುಸೂಚಿಯ 22 ಭಾಷೆಗಳಲ್ಲಿ ಬೇಕಾದುದರಲ್ಲಿ ಓದುವ ಆಯ್ಕೆ ಜನರಿಗಿರಬೇಕೆಂದು ಕಾಯ್ದೆ ಹೇಳುತ್ತದೆ. ತೊಟ್ಟಿಮನೆಗೆ ಇಷ್ಟು ಸಾಲುಗಳಿಂದ ಆರಂಭಿಸಬಹುದು:

“ಪ್ರವೇಶ ಚೀಟಿ ಕಳಿಸಲು ತಮ್ಮ ಹೆಸರು ಮತ್ತು ಮೊಬೈಲ್ ಸಂಖ್ಯೆಯನ್ನು ಪಡೆಯುತ್ತೇವೆ. ಬೇರೆ ಉದ್ದೇಶಕ್ಕೆ ಬಳಸುವುದಿಲ್ಲ. ಕಾನೂನು ವಿಧಿಸಿದ ಅವಧಿ ಮುಗಿದ ಮೇಲೆ ಅಳಿಸುತ್ತೇವೆ. ಕಾರ್ಯಕ್ರಮಗಳ ಸೂಚನೆ ಬೇಕಾದರೆ ಕೆಳಗಿನ ಚೌಕದಲ್ಲಿ ಗುರುತು ಹಾಕಿರಿ; ಬೇಡವೆನಿಸಿದಾಗ ಇದೇ ಪುಟದಲ್ಲಿ ಹಿಂಪಡೆಯಿರಿ. ದೂರುಗಳಿಗೆ ಈ ವಿಳಾಸಕ್ಕೆ ಬರೆಯಿರಿ. ನಮ್ಮಿಂದ ಪರಿಹಾರ ದೊರೆಯದಿದ್ದರೆ ದತ್ತಾಂಶ ಸಂರಕ್ಷಣಾ ಮಂಡಳಿಗೆ ದೂರು ಕೊಡಬಹುದು.”

ದೂರಿಗೆ ಉತ್ತರಿಸಲು ನಿಯಮಗಳು ಗರಿಷ್ಠ 90 ದಿನಗಳನ್ನು ಕೊಟ್ಟಿವೆ. ಕಾಯ್ದೆ ಜಾರಿಗೆ ಬರುವ ಮೊದಲೇ ಒಪ್ಪಿಗೆ ಪಡೆದು ಸಂಗ್ರಹಿಸಿದ ಹಳೆಯ ಪಟ್ಟಿಗಳಿಗೂ, ಸಾಧ್ಯವಾದಷ್ಟು ಬೇಗ ಇದೇ ಬಗೆಯ ನೋಟಿಸು ಹೋಗಬೇಕು. 36,000 ಜನರಿಗೆ ನೋಟಿಸು ಕಳಿಸುವ ಖರ್ಚನ್ನು ಲೆಕ್ಕಹಾಕಿದ ಸಂಸ್ಥೆಯು, ಆ ಪಟ್ಟಿಯಲ್ಲಿ ಇನ್ನೂ ಯಾರ ವಿವರ ಬೇಕೆಂಬುದನ್ನು ಈಗಲೇ ವಿಂಗಡಿಸಲು ಕೂರಬಹುದು.