ಎತ್ತರ ಎಲ್ಲಿಂದ ಎಲ್ಲಿಗೆ? – ರೋಲರ್ ಕೋಸ್ಟರ್ ಹತ್ತಿ ಇಳಿದ ಮೇಲೆ ಮತ್ತೆ ಮಾಡಿದ ಪಾಠ

ಬೋಧನಾಭ್ಯಾಸದ ಮೊದಲ ಹಂತದಲ್ಲಿ ಬೀದರ್ ಸಮೀಪದ ಪ್ರೌಢಶಾಲೆಯೊಂದರ ಒಂಬತ್ತನೆಯ ತರಗತಿಗೆ ನಾನು ಶಕ್ತಿ ಸಂರಕ್ಷಣಾ ನಿಯಮವನ್ನು ಬೋಧಿಸಿದೆ. ಪಾಠ ಯೋಜನೆ ಅಚ್ಚುಕಟ್ಟಾಗಿತ್ತು. ರೋಲರ್ ಕೋಸ್ಟರಿನ ಬಣ್ಣದ ಚಾರ್ಟ್ ಬರೆದಿದ್ದೆ: ತುದಿಯಲ್ಲಿ ಪ್ರಚ್ಛನ್ನ ಶಕ್ತಿ, ತಳದಲ್ಲಿ ಚಲನ ಶಕ್ತಿ, ಎರಡರ ಮೊತ್ತ ಸದಾ ಒಂದೇ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, “ಮೇಡಂ, ಶಕ್ತಿ ಕಡಿಮಿ ಆಗಂಗಿಲ್ಲ ಅಂದ್ರ ಗಾಡಿ ಯಾಕ ನಿಲ್ತದ್ರಿ?” ಎಂದು ಕೇಳಿದಳು. “ಘರ್ಷಣೆಯಿಂದ” ಎಂದು ಹೇಳಿ ಮುಂದಿನ ಅಂಶಕ್ಕೆ ಹೋದೆ. ಅವಳು ಕೂರಲಿಲ್ಲ. “ನೀವು ಅದರಾಗ ಕುಂತೀರೇನ್ರಿ?” ಎಂದಳು. ತರಗತಿ ನಕ್ಕಿತು. ನಾನು ಕುಳಿತಿರಲಿಲ್ಲ. ವೀಕ್ಷಣಾ ಪುಸ್ತಕದಲ್ಲಿ ಮಾರ್ಗದರ್ಶಕರು ಬರೆದ ಷರಾ ಎರಡೇ ವಾಕ್ಯ: “ಉತ್ತರ ಸರಿ. ಮಗುವಿಗೆ ತಲುಪಿಲ್ಲ.”

ಬಂಡಿಯಲ್ಲಿ ಕುಳಿತಾಗ

2016ರ ಏಪ್ರಿಲ್‌ನಲ್ಲಿ ಹೈದರಾಬಾದಿನಲ್ಲಿ ವಂಡರ್‌ಲಾ ಆರಂಭವಾಯಿತು. ಅಲ್ಲಿನ ಹೊಸ ಕೋಸ್ಟರ್ ‘ರಿಕಾಯ್ಲ್’ ಬಗ್ಗೆ ಕೇಳಿದಾಗಿನಿಂದ ಹತ್ತಬೇಕೆಂಬ ಆಸೆಯಿತ್ತು. ಟಿಕೆಟಿಗೂ ಬಸ್ಸಿಗೂ ಹಣ ಕೂಡಿಸುವಷ್ಟರಲ್ಲಿ ದಸರಾ ರಜೆ ಬಂತು. ನಾಲ್ವರು ಸಹಪಾಠಿಗಳು ಬೆಳಗಿನ ಬಸ್ಸಿಗೆ ಹೊರಟೆವು. ಆ ಹುಡುಗಿಯ ಪ್ರಶ್ನೆಯೂ ನನ್ನ ಜೊತೆಗೇ ಬಂದಿತ್ತು.

ಇದು ಬೂಮರಾಂಗ್ ಮಾದರಿಯ ಕೋಸ್ಟರ್. ನೆದರ್‌ಲೆಂಡ್ಸ್‌ನ ವೆಕೋಮಾ ಕಂಪನಿ 1980ರ ದಶಕದಿಂದ ಜಗತ್ತಿನ ಅನೇಕ ಉದ್ಯಾನಗಳಿಗೆ ಕಟ್ಟಿಕೊಟ್ಟಿರುವ ಮಾದರಿ ಇದು. ಹಳಿಗೆ ಎರಡು ತುದಿಗಳಿವೆ. ಎರಡೂ ಆಕಾಶದ ಕಡೆಗೆ ನಿಂತಿವೆ. ಯಂತ್ರ ಮೊದಲು ಬಂಡಿಯನ್ನು ಹಿಂದುಹಿಂದಾಗಿ ಒಂದು ಗೋಪುರಕ್ಕೆ ಎಳೆಯುತ್ತದೆ. ನಮ್ಮ ಮುಖ ನೆಲದ ಕಡೆಗಿತ್ತು. ಭುಜದ ಮೇಲಿನ ಪಟ್ಟಿಯೇ ಆಧಾರ. ಒಂದು ಕ್ಷಣ ಬಂಡಿ ನಿಂತಿತು. ಬಿಟ್ಟಾಗ ಹೊಟ್ಟೆ ಗಂಟಲಿಗೆ ಬಂದಂತಾಯಿತು. ಹತ್ತಿದ ಜಾಗ ಕಣ್ಣ ಮುಂದೆ ಮಿಂಚಿ ಮಾಯವಾಯಿತು, ಮೂರು ಸಲ ತಲೆಕೆಳಗಾದೆವು.

ನಾನು ಹುಡುಕುತ್ತಿದ್ದುದು ಸಿಕ್ಕಿದ್ದು ಆಮೇಲೆ. ಬಂಡಿ ಎರಡನೆಯ ಗೋಪುರ ಏರುತ್ತಾ ಏರುತ್ತಾ ನಿಧಾನವಾಯಿತು. ಇನ್ನೂ ತುದಿ ಮುಟ್ಟಿರಲಿಲ್ಲ. ಅಷ್ಟರಲ್ಲಿ ಅಡಿಯಿಂದ ಯಂತ್ರ ಹಿಡಿದುಕೊಂಡು ಉಳಿದ ಎತ್ತರಕ್ಕೆ ಎಳೆಯಿತು. ನನ್ನ ಚಾರ್ಟಿನ ಪ್ರಕಾರ ಬಂಡಿ ತಾನಾಗಿಯೇ ಅದೇ ಎತ್ತರಕ್ಕೆ ಹೋಗಬೇಕಿತ್ತು. ಅಲ್ಲಿಂದ ಬೆನ್ನು ಮುಂದಾಗಿ ಬಿದ್ದು, ಅದೇ ಹಳಿಯ ಮೇಲೆ ಮತ್ತೆ ಮೂರು ಸಲ ತಲೆಕೆಳಗಾಗಿ ವಾಪಸು ಬಂದೆವು. ಇಳಿದಾಗ ಕಾಲು ನಡುಗುತ್ತಿದ್ದವು. ಆದರೆ ಪಾಠ ಎಲ್ಲಿಂದ ಶುರುವಾಗಬೇಕೆಂದು ಗೊತ್ತಾಗಿತ್ತು.

ಮರುಬೋಧನೆ

ರಜೆ ಮುಗಿದ ಮೇಲೆ ಮುಖ್ಯೋಪಾಧ್ಯಾಯರ ಒಪ್ಪಿಗೆ ಪಡೆದು ಅದೇ ತರಗತಿಗೆ ಒಂದು ಹೆಚ್ಚುವರಿ ಅವಧಿ ತೆಗೆದುಕೊಂಡೆ. ಈ ಸಲ ಚಾರ್ಟ್ ಒಯ್ಯಲಿಲ್ಲ. ಗೌಂಡಿಗಳು ಮಟ್ಟ ನೋಡಲು ಬಳಸುವ ಪಾರದರ್ಶಕ ಪೈಪು, ಸೈಕಲ್ ಅಂಗಡಿಯ ಉಕ್ಕಿನ ಗುಂಡು, ಸ್ಕೇಲು ಇಷ್ಟೇ. ಪೈಪನ್ನು ತೊಟ್ಟಿಲಿನಂತೆ ಬಾಗಿಸಿ, 30 ಸೆಂ.ಮೀ. ಎತ್ತರದಿಂದ ಗುಂಡು ಬಿಟ್ಟೆವು. ಆಚೆ ಬದಿಯಲ್ಲಿ ಅದು 25ರವರೆಗೆ ಏರಿತು. ಮರಳಿ ಈಚೆಗೆ ಬಂದಾಗ 20ರ ಆಸುಪಾಸು. ಮಕ್ಕಳೇ ಅಳೆದು ಬರೆದುಕೊಂಡರು. “ಉಳಿದದ್ದು ಎಲ್ಲಿ ಹೋಯಿತು?” ಎಂದು ಕೇಳಿ ಅಂಗೈಗಳನ್ನು ಜೋರಾಗಿ ಉಜ್ಜಲು ಹೇಳಿದೆ. “ಬಿಸಿ ಆತ್ರಿ” ಎಂದರು. ಶಕ್ತಿ ಕಳೆದಿಲ್ಲ, ನಮಗೆ ಮರಳಿ ಸಿಗದ ರೂಪಕ್ಕೆ ಹೋಗಿದೆ ಎಂಬುದನ್ನು ಆ ಹುಡುಗಿಯೇ ತನ್ನ ಮಾತಿನಲ್ಲಿ ಹೇಳಿದಳು.

ನಂತರ ಲೆಕ್ಕ ಕೊಟ್ಟೆ. ಈ ಮಾದರಿಯ ಕೋಸ್ಟರಿನ ಎತ್ತರ ಸುಮಾರು 35 ಮೀಟರ್. mgh = ½mv² ಎಂಬುದರಲ್ಲಿ ದ್ರವ್ಯರಾಶಿ ಎರಡೂ ಕಡೆಯಿಂದ ಹೊರಟುಹೋಗುತ್ತದೆ. 2 × 9.8 × 35 = 686; ಅದರ ವರ್ಗಮೂಲ ಸೆಕೆಂಡಿಗೆ ಸುಮಾರು 26 ಮೀಟರ್, ಅಂದರೆ ಗಂಟೆಗೆ ಸುಮಾರು 94 ಕಿ.ಮೀ. ಆದರೆ ಇದರ ಗರಿಷ್ಠ ಜವ ಗಂಟೆಗೆ ಸುಮಾರು 75 ಕಿ.ಮೀ. ಮಾತ್ರ. “ವ್ಯತ್ಯಾಸ ಏಕೆ?” ಎಂದೆ. ಘರ್ಷಣೆ ಮತ್ತು ಗಾಳಿಯ ತಡೆ ಎಂಬ ಉತ್ತರವನ್ನೇ ಯೋಜನೆಯಲ್ಲಿ ಬರೆದುಕೊಂಡಿದ್ದೆ. ಮಕ್ಕಳೂ ಅದನ್ನೇ ಹೇಳಿದರು. ಒಬ್ಬ ಹುಡುಗ ಮಾತ್ರ ಒಪ್ಪಲಿಲ್ಲ. “ಏಳು ಡಬ್ಬಿ ಅದಾವಂದ್ರಿ. ಎಲ್ಲಾ ಡಬ್ಬಿ ತುದೀಗೇ ಹ್ಯಾಂಗ ಇರ್ತಾವ್ರಿ?”

ನನಗೆ ಇದು ಹೊಳೆದೇ ಇರಲಿಲ್ಲ. ತರಗತಿಯನ್ನು ಮೆಟ್ಟಿಲ ಬಳಿ ಕರೆದೊಯ್ದು, ಏಳು ಜನರನ್ನು ಏಳು ಮೆಟ್ಟಿಲುಗಳ ಮೇಲೆ ಸಾಲಾಗಿ ನಿಲ್ಲಿಸಿದೆ. ಹಿಂದಿನವನು ಏಳನೆಯ ಮೆಟ್ಟಿಲಲ್ಲಿದ್ದರೆ ಮುಂದಿನವಳು ಮೊದಲನೆಯದರಲ್ಲಿ. ಇಡೀ ಸಾಲಿನ ಎತ್ತರಕ್ಕೆ ನಡುವಿನ ನಾಲ್ಕನೆಯ ಮೆಟ್ಟಿಲೇ ಲೆಕ್ಕ. ಇನ್ನೊಬ್ಬಳು, ಹಳಿಯ ತಳ ನೆಲಕ್ಕೆ ಅಂಟಿರುತ್ತದೆಯೇ ಎಂದು ಕೇಳಿದಳು. ಇಲ್ಲ, ಅದೂ ನೆಲದಿಂದ ಮೇಲಿರುತ್ತದೆ. 75 ಕಿ.ಮೀ.ಯಿಂದ ಹಿಂದಕ್ಕೆ ಲೆಕ್ಕ ಹಾಕಿದಾಗ ಸಿಕ್ಕ ಎತ್ತರ ಸುಮಾರು 22 ಮೀಟರ್. ಉಳಿದ 13 ಮೀಟರಿನಲ್ಲಿ ಬಂಡಿಯ ಉದ್ದ, ಹಳಿಯ ತಳ, ಘರ್ಷಣೆ ಮೂರಕ್ಕೂ ಪಾಲಿದೆ. ಎಲ್ಲವನ್ನೂ ಘರ್ಷಣೆಯ ತಲೆಗೆ ಕಟ್ಟಿದ್ದರೆ ನಾನು ಎರಡನೆಯ ಸಲವೂ ತಪ್ಪು ಕಲಿಸುತ್ತಿದ್ದೆ.

ನಾನು ಕಲಿತದ್ದು

ಸೂತ್ರದಲ್ಲಿ h ಎಂದು ಬರೆಯುವುದು ಸುಲಭ. ಅದು ಯಾವುದರ ಎತ್ತರ, ಎಲ್ಲಿಂದ ಎಲ್ಲಿಗೆ ಎಂದು ಕೇಳದಿದ್ದರೆ ಲೆಕ್ಕ ಸರಿಯಿದ್ದೂ ಉತ್ತರ ತಪ್ಪಾಗುತ್ತದೆ. ಕೋಸ್ಟರ್ ಹತ್ತಿದ್ದರಿಂದ ನನಗೆ ಉತ್ತರವೇನೂ ಪೂರ್ತಿ ಸಿಗಲಿಲ್ಲ. ಪ್ರಶ್ನೆಯನ್ನು ಬದಿಗೆ ಸರಿಸದೆ ಅದರ ಜೊತೆ ನಿಲ್ಲುವ ಧೈರ್ಯ ಬಂತು. ಹೈದರಾಬಾದಿಗೆ ಹೋಗದೆಯೂ ಈ ಪಾಠ ಮಾಡಬಹುದು. ಪೈಪು, ಗುಂಡು, ಶಾಲೆಯ ಮೆಟ್ಟಿಲು ಸಾಕು. ಸಹ ಪ್ರಶಿಕ್ಷಣಾರ್ಥಿಗಳಲ್ಲಿ ನನ್ನ ವಿನಂತಿ ಒಂದೇ: ಲೆಕ್ಕಕ್ಕೂ ವಾಸ್ತವಕ್ಕೂ ಹೊಂದದ ಒಂದು ಉದಾಹರಣೆಯನ್ನು ಬೇಕೆಂದೇ ಪಾಠ ಯೋಜನೆಯಲ್ಲಿ ಸೇರಿಸಿ, ಅದಕ್ಕೆ ಹತ್ತು ನಿಮಿಷ ಮೀಸಲಿಡಿ. ನನ್ನ ಮುಂದಿನ ಯೋಜನೆಯಲ್ಲಿ ಆ ಹತ್ತು ನಿಮಿಷದ ಎದುರು ‘ನಿರೀಕ್ಷಿತ ಉತ್ತರ’ದ ಅಂಕಣವನ್ನು ಖಾಲಿ ಬಿಟ್ಟಿದ್ದೇನೆ.