ಮೂವತ್ತಾರು ಕ್ಷಣಗಳು

ಚಿತ್ರ ತೆಗೆಯುವುದು ಇಂದು ಕಣ್ಣು ಮಿಟುಕಿಸಿದಷ್ಟು ಸುಲಭ. ಒಂದು ಚಿತ್ರ ಕೆಟ್ಟರೆ ಅಳಿಸಿ ಇನ್ನೊಂದನ್ನು ತೆಗೆಯಬಹುದು; ನೂರು ತೆಗೆದು ಒಂದನ್ನು ಉಳಿಸಿಕೊಳ್ಳಬಹುದು. ಫಿಲ್ಮನ್ನು ಬಳಸುವವನಿಗೆ ಈ ಸೌಕರ್ಯವಿಲ್ಲ. 1925ರಲ್ಲಿ ಜರ್ಮನಿಯ ಲೈಕಾ ಕ್ಯಾಮೆರಾ ಮಾರುಕಟ್ಟೆಗೆ ಬಂದ ಮೇಲೆ 35 ಮಿಲಿಮೀಟರ್ ಅಗಲದ ಫಿಲ್ಮು ಲೋಕದ ಎಲ್ಲೆಡೆ ಹರಡಿತು. ಅದರ ಒಂದು ಸುರುಳಿಯಲ್ಲಿ ಸಾಮಾನ್ಯವಾಗಿ 36 ಚಿತ್ರಗಳಿಗೆ ಮಾತ್ರ ಎಡೆ. ತೆಗೆದ ಚಿತ್ರ ಹೇಗೆ ಬಂದಿದೆಯೆಂಬುದು ಆ ಕ್ಷಣಕ್ಕೆ ತಿಳಿಯುವುದೂ ಇಲ್ಲ. ಆದುದರಿಂದ ಛಾಯಾಗ್ರಾಹಕನು ಗುಂಡಿಯನ್ನು ಒತ್ತುವ ಮೊದಲೇ ನೋಡಬೇಕು, ಅರಿಯಬೇಕು, ಕಾಯಬೇಕು.

ಫಿಲ್ಮಿನ ಮೇಲೆ ಬೆಳ್ಳಿಯ ಲವಣಗಳ ತೆಳುವಾದ ಲೇಪವಿರುತ್ತದೆ. ಮಸೂರದ ಮೂಲಕ ಬಂದ ಬೆಳಕು ತಾಗಿದಲ್ಲೆಲ್ಲ ಕಣ್ಣಿಗೆ ಕಾಣದ ಗುರುತೊಂದು ಮೂಡುತ್ತದೆ. ಕತ್ತಲೆಯಲ್ಲಿ ಅದನ್ನು ರಾಸಾಯನಿಕ ದ್ರಾವಣದಲ್ಲಿ ಅದ್ದಿದಾಗ ಬೆಳಕು ತಾಗಿದ ಕಣಗಳು ಕಪ್ಪಾದ ಬೆಳ್ಳಿಯಾಗಿ ಮಾರ್ಪಡುತ್ತವೆ. ಉಳಿದ ಲವಣವನ್ನು ಹೈಪೋ ಎಂಬ ದ್ರಾವಣವು ಕರಗಿಸಿ ತೆಗೆದುಬಿಡುತ್ತದೆ. ಒಮ್ಮೆ ಬಿದ್ದ ಬೆಳಕನ್ನು ಅಳಿಸಲು ಬರುವುದಿಲ್ಲ. ಬೀಳದ ಬೆಳಕನ್ನು ಬರಿಸಲೂ ಬಾರದು.

ಈ ಕಲೆಯ ಕಠಿಣ ಪರೀಕ್ಷೆ ನಡೆಯುವುದು ಕಡಲ ತೀರದಲ್ಲಿ. ದಕ್ಷಿಣ ಕನ್ನಡದ ಮೂಲ್ಕಿಯಲ್ಲಿ 2004ರಲ್ಲಿ ಸರ್ಫಿಂಗ್ ಕಲಿಸುವ ಕೇಂದ್ರವೊಂದು ಆರಂಭವಾಯಿತು. 2016ರಲ್ಲಿ ಸಮೀಪದ ಸಸಿಹಿತ್ಲು ತೀರದಲ್ಲಿ ದೇಶದ ಸರ್ಫಿಂಗ್ ಪಟುಗಳ ಸ್ಪರ್ಧೆ ಜರುಗಿತು. ಹಲಗೆಯ ಮೇಲೆ ನಿಂತು ಅಲೆಯೊಡನೆ ಜಾರಿಬರುವ ಈ ಆಟದಲ್ಲಿ ಸವಾರನು ಅಲೆಯ ಬೆನ್ನೇರಿ ನಿಲ್ಲುವುದು ಕೆಲವೇ ಕ್ಷಣ. ತೀರದ ಬೆಳಕಾದರೋ ಮೋಸಗಾರ. ಬೆಳಕಿನ ಮಾಪಕವು ಪ್ರತಿಯೊಂದು ದೃಶ್ಯವನ್ನೂ ನಡುತರದ ಬೂದುಬಣ್ಣವೆಂದೇ ಎಣಿಸುತ್ತದೆ. ಅದನ್ನು ಹಾಗೆಯೇ ನಂಬಿದರೆ ಬಿಳಿಯ ನೊರೆಯೂ ಹೊಳೆಯುವ ಮರಳೂ ಚಿತ್ರದಲ್ಲಿ ಮಂಕಾಗುತ್ತವೆ. ಅನುಭವಿಯು ಮಾಪಕ ಹೇಳಿದುದಕ್ಕಿಂತ ತುಸು ಹೆಚ್ಚು ಬೆಳಕನ್ನು ಒಳಗೆ ಬಿಡುತ್ತಾನೆ.

1963ರಲ್ಲಿ ನಿಕೊನೊಸ್ ಎಂಬ ಕ್ಯಾಮೆರಾ ಬಂದಿತು. ಅದನ್ನು ಹಿಡಿದು ನೀರಿಗೇ ಇಳಿಯಬಹುದಾಗಿತ್ತು. ಆದರೆ ಸುರುಳಿ ಮುಗಿದರೆ ನೀರಿನಲ್ಲಿ ಬದಲಿಸುವಂತಿಲ್ಲ. ದಡಕ್ಕೆ ಈಜಿ ಬಂದು, ಕೈ ಒರೆಸಿಕೊಂಡು, ಉಪ್ಪುನೀರಿನ ಹನಿಯೂ ಒಳಸೇರದಂತೆ ಎಚ್ಚರವಹಿಸಬೇಕು. ಅಷ್ಟರಲ್ಲಿ ಆ ದಿನದ ಒಳ್ಳೆಯ ಅಲೆ ಬಂದು ಹೋಗಿರಬಹುದು. ಆದುದರಿಂದ ಬಲ್ಲವನು ಮೊದಲು ಅಲೆಗಳನ್ನು ಎಣಿಸುತ್ತಾನೆ, ಆಮೇಲೆ ಚಿತ್ರಗಳನ್ನು.

ಕಡಲಿನಿಂದ ಘಟ್ಟವನ್ನೇರಿ ಮೂಡಣಕ್ಕೆ ಬಂದರೆ ಹಾವೇರಿ ಜಿಲ್ಲೆಯ ಬಯಲು. ಇಲ್ಲಿ ಅಲೆಗಳಿಲ್ಲ, ಕಾಯುವ ಕೆಲಸ ಮಾತ್ರ ಅದೇ. ಹಾವೇರಿಯಲ್ಲಿ ಕಲ್ಯಾಣ ಚಾಲುಕ್ಯರ ಕಾಲದ ಸಿದ್ಧೇಶ್ವರ ದೇವಾಲಯವಿದೆ. ಬಹುಪಾಲು ಗುಡಿಗಳು ಪೂರ್ವಕ್ಕೆ ಮುಖಮಾಡಿದ್ದರೆ ಇದು ಪಶ್ಚಿಮಕ್ಕೆ ಮುಖಮಾಡಿದೆ. ಬೆಳಗಿನಲ್ಲಿ ಬಂದವನಿಗೆ ಅದರ ಮುಂಭಾಗ ನೆರಳಿನಲ್ಲಿ ಕಾಣುತ್ತದೆ; ಸಂಜೆಯವರೆಗೆ ಕಾದವನಿಗೆ ಅದು ಹೊಂಬೆಳಕಿನಲ್ಲಿ ಮುಖ ತೋರುತ್ತದೆ. ಬ್ಯಾಡಗಿಯ ಮಾರುಕಟ್ಟೆ ಇನ್ನೊಂದು ಪಾಠ ಕಲಿಸುತ್ತದೆ. ಅಲ್ಲಿನ ಮೆಣಸಿನಕಾಯಿ ಖಾರಕ್ಕಿಂತ ಕೆಂಪಿಗೇ ಹೆಸರಾದುದು. ಆದರೆ ಹಿಂದಿನ ಕೆಲವು ಕಪ್ಪುಬಿಳುಪು ಫಿಲ್ಮುಗಳಿಗೆ ಕೆಂಪು ಬೆಳಕು ನಾಟುತ್ತಲೇ ಇರಲಿಲ್ಲ. ಅಂಥ ಫಿಲ್ಮಿನಲ್ಲಿ ಆ ಕೆಂಪು ರಾಶಿ ಇದ್ದಿಲಿನ ರಾಶಿಯಂತೆ ಕಾಣುತ್ತದೆ! ಕಣ್ಣು ಕಂಡುದೆಲ್ಲವನ್ನೂ ಫಿಲ್ಮು ಕಾಣದು ಎಂಬುದನ್ನು ಛಾಯಾಗ್ರಾಹಕನು ಮರೆಯುವಂತಿಲ್ಲ.

ರಾಣೆಬೆನ್ನೂರಿನ ಬಯಲಿನಲ್ಲಿ ಈ ಕಲೆ ಇನ್ನೂ ದೊಡ್ಡ ಹೊಣೆಯನ್ನು ಹೊರುತ್ತದೆ. ಇಲ್ಲಿ 1974ರಲ್ಲಿ 119 ಚದರ ಕಿಲೋಮೀಟರ್ ವಿಸ್ತಾರದ ಕೃಷ್ಣಮೃಗ ಅಭಯಾರಣ್ಯವು ರೂಪುಗೊಂಡಿತು. ಬೆದರಿದ ಕೃಷ್ಣಮೃಗ ನೆಲಕ್ಕೆ ಕಾಲು ತಾಗಿತೋ ಇಲ್ಲವೋ ಎಂಬಂತೆ ನೆಗೆಯುತ್ತದೆ. ಸೆಕೆಂಡಿನ 500ನೆಯ ಒಂದು ಭಾಗದಷ್ಟು ಕಾಲ ಮಾತ್ರ ಕ್ಯಾಮೆರಾದ ಕಣ್ಣು ತೆರೆದರೆ ಆ ನೆಗೆತ ಚಿತ್ರದಲ್ಲಿ ನಿಲ್ಲುತ್ತದೆ. ಅದಕ್ಕಾಗಿ ಗಾಳಿಯ ದಿಕ್ಕನ್ನು ಅರಿತು, ಹಿಂಡಿನ ದಾರಿಯನ್ನು ತಿಳಿದು, ಗಂಟೆಗಟ್ಟಲೆ ಅಲುಗದೆ ಕುಳಿತಿರಬೇಕು. ಟಿ. ಎನ್. ಎ. ಪೆರುಮಾಳ್, ಇ. ಹನುಮಂತರಾವ್, ಎಂ. ವೈ. ಘೋರ್ಪಡೆ ಮೊದಲಾದವರು ಕನ್ನಡನಾಡಿನ ವನ್ಯಜೀವಿಗಳನ್ನು ಫಿಲ್ಮಿನಲ್ಲಿ ಸೆರೆಹಿಡಿದು ಹೆಸರಾದುದು ಇಂಥ ತಾಳ್ಮೆಯಿಂದಲೇ.

ಒಂದು ಕಾಲಕ್ಕೆ ಇದೇ ಬಯಲಿನಲ್ಲಿ ಎರೆಭೂತವೆಂಬ ದೊಡ್ಡ ಹಕ್ಕಿಯೂ ಸಂಚರಿಸುತ್ತಿತ್ತು. ಅದಕ್ಕೆ ಬೇಕಾದುದು ದೂರದವರೆಗೆ ಕಣ್ಣು ಹಾಯುವ ಹುಲ್ಲುಗಾವಲು. ಅದು ಸಾಮಾನ್ಯವಾಗಿ ವರ್ಷಕ್ಕೆ ಒಂದೇ ಮೊಟ್ಟೆಯನ್ನು ಬಯಲು ನೆಲದ ಮೇಲೆ ಇಡುತ್ತದೆ. ಹುಲ್ಲುಗಾವಲನ್ನು ಪಾಳುಭೂಮಿಯೆಂದು ಬಗೆದ ಜನ ಅಲ್ಲಿ ನೀಲಗಿರಿಯ ತೋಪುಗಳನ್ನು ಬೆಳೆಸಿದರು. ಮರಗಳು ಮೇಲೆದ್ದಂತೆ ಬಯಲು ಮರೆಯಾಯಿತು. ಕೃಷ್ಣಮೃಗ ಉಳಿದುಕೊಂಡಿತು, ಎರೆಭೂತಕ್ಕೆ ನೆಲೆ ತಪ್ಪಿತು. ಈಚಿನ ವರ್ಷಗಳಲ್ಲಿ ಕರ್ನಾಟಕದಲ್ಲಿ ಅದು ಬೆರಳೆಣಿಕೆಯಷ್ಟು ಕಾಣಸಿಕ್ಕಿರುವುದು ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಬಯಲಿನಲ್ಲಿ. ದೇಶದಲ್ಲೆಲ್ಲ ಕಾಡಿನಲ್ಲಿ ಉಳಿದಿರುವ ಇವುಗಳ ಸಂಖ್ಯೆ 200ನ್ನೂ ಮುಟ್ಟದು.

ಮರದ ಮರೆಯಿಲ್ಲದ ನೆಲ ಬರಿದಾದ ನೆಲವಲ್ಲ. ಕೆಲಕಾಲ ನಿಂತು ನೋಡಿದವನಿಗೆ ಅದು ಹಕ್ಕಿಯ ಮನೆಯಾಗಿ ಕಾಣುತ್ತದೆ. ನೋಡದೆ ನಡೆದವನಿಗೆ ಪಾಳಾಗಿ ತೋರುತ್ತದೆ. ಫಿಲ್ಮು ಕಲಿಸುವ ವಿದ್ಯೆಯೂ ಇದೇ: ಇರುವುದು ಸ್ವಲ್ಪ, ಹೋದುದು ಮರಳದು, ಆದುದರಿಂದ ಕಣ್ಣಿಟ್ಟು ನೋಡು. ಬೆಳ್ಳಿಯ ಕಣಗಳಲ್ಲಿ ನಿಂತ ಚಿತ್ರ ಹಕ್ಕಿಯೊಂದು ಇಲ್ಲಿ ಇದ್ದಿತೆಂದು ಸಾಕ್ಷಿ ಹೇಳಬಲ್ಲದು. ಹಕ್ಕಿಯನ್ನು ಮಾತ್ರ ಮರಳಿ ತರಲಾರದು. ಆ ಕೆಲಸ ಬಯಲನ್ನು ಕಾಪಾಡುವ ಮನುಷ್ಯರದು.