ನಿಯಮ ಮೀರಿದ ಕ್ರಿಯಾಪದಗಳು

ಕನ್ನಡವನ್ನು ಮಾತೃಭಾಷೆಯಾಗಿ ಪಡೆದವನು 'ಮಾಡು' ಎಂಬುದರಿಂದ 'ಮಾಡಿದನು' ಎಂದೂ, 'ಬರು' ಎಂಬುದರಿಂದ 'ಬಂದನು' ಎಂದೂ, 'ಕೊಡು' ಎಂಬುದರಿಂದ 'ಕೊಟ್ಟನು' ಎಂದೂ ಸಹಜವಾಗಿ ನುಡಿಯುತ್ತಾನೆ. ಅವನು 'ಬರಿದನು', 'ಕೊಡಿದನು' ಎನ್ನುವುದಿಲ್ಲ. ತನ್ನ ಮಾತಿನಲ್ಲಿ ಸಾಮಾನ್ಯ ನಿಯಮವನ್ನು ಮೀರಿದ ರೂಪಗಳಿವೆಯೆಂಬುದು ಅವನ ಗಮನಕ್ಕೂ ಬರುವುದಿಲ್ಲ. ಆದರೆ ಅದೇ ವಿದ್ಯಾರ್ಥಿಯು ಇಂಗ್ಲಿಷ್ ಕಲಿಯತೊಡಗಿದಾಗ 'ಗೋ' ಎಂಬುದರ ಭೂತಕಾಲ 'ವೆಂಟ್' ಎಂದು ಕೇಳಿ ಬೆರಗಾಗುತ್ತಾನೆ. ಆ ಭಾಷೆಗೆ ಕಟ್ಟುಪಾಡೇ ಇಲ್ಲವೆಂದು ಬೇಸರಪಡುತ್ತಾನೆ. ಈ ಬೇಸರಕ್ಕೆ ಆಧಾರವಿದೆಯೇ ಎಂಬುದನ್ನು ವಿಚಾರ ಮಾಡಬೇಕು.

ಇಂಗ್ಲಿಷಿನ ಬಹುಪಾಲು ಕ್ರಿಯಾಪದಗಳು ಕೊನೆಯಲ್ಲಿ 'ಇ', 'ಡಿ' ಎಂಬ ಎರಡು ಅಕ್ಷರಗಳನ್ನು ಸೇರಿಸಿಕೊಂಡು ಭೂತಕಾಲವನ್ನು ಸೂಚಿಸುತ್ತವೆ. 'ವಾಕ್' ಎಂಬುದು 'ವಾಕ್ಡ್' ಎಂದೂ, 'ಪ್ಲೇ' ಎಂಬುದು 'ಪ್ಲೇಡ್' ಎಂದೂ ಆಗುತ್ತದೆ. ಈ ನಿಯಮಕ್ಕೆ ಒಳಪಡದವು ಸಂಖ್ಯೆಯಲ್ಲಿ ಕಡಿಮೆ. ಆದರೆ ಬಳಕೆಯಲ್ಲಿ ಅವುಗಳದೇ ಮೇಲುಗೈ. ಅತಿ ಹೆಚ್ಚಾಗಿ ಬಳಕೆಯಾಗುವ ಹತ್ತು ಇಂಗ್ಲಿಷ್ ಕ್ರಿಯಾಪದಗಳೆಲ್ಲವೂ ನಿಯಮ ಮೀರಿದವುಗಳೇ ಆಗಿವೆ.

ಇದು ಆಕಸ್ಮಿಕವಲ್ಲ. ಸಾವಿರ ವರ್ಷಗಳ ಹಿಂದಿನ ಇಂಗ್ಲಿಷಿನಲ್ಲಿ ಪದದ ಒಳಗಿನ ಸ್ವರವನ್ನು ಬದಲಿಸಿ ಭೂತಕಾಲವನ್ನು ಸೂಚಿಸುವುದೂ ಒಂದು ಕ್ರಮವಾಗಿತ್ತು. 'ಸಿಂಗ್', 'ಸ್ಯಾಂಗ್' ಎಂಬುವು ಆ ಹಳೆಯ ಕ್ರಮದ ಉಳಿಕೆಗಳು. ಹಾರ್ವರ್ಡ್ ವಿಶ್ವವಿದ್ಯಾನಿಲಯದ ವಿದ್ವಾಂಸರು 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹಳೆಯ ಇಂಗ್ಲಿಷಿನ ಇಂತಹ 177 ಕ್ರಿಯಾಪದಗಳನ್ನು ಪರಿಶೀಲಿಸಿದರು. ಅವುಗಳಲ್ಲಿ 98 ಮಾತ್ರ ಇಂದಿಗೂ ತಮ್ಮ ವಿಶೇಷ ರೂಪಗಳನ್ನು ಉಳಿಸಿಕೊಂಡಿವೆ. ಅಪರೂಪವಾಗಿ ಬಳಸುವ ಪದದ ಹಳೆಯ ರೂಪವನ್ನು ಜನರು ಬೇಗ ಮರೆತು ಸಾಮಾನ್ಯ ಪ್ರತ್ಯಯವನ್ನೇ ಹಚ್ಚುತ್ತಾರೆ. ದಿನನಿತ್ಯ ಆಡುವ ಪದದ ರೂಪವು ನಾಲಗೆಯ ಮೇಲೆ ಉಳಿಯುತ್ತದೆ. 'ವೆಂಟ್' ಎಂಬುದು ಮೂಲತಃ 'ವೆಂಡ್' ಎಂಬ ಬೇರೊಂದು ಕ್ರಿಯಾಪದದ ಭೂತಕಾಲವಾಗಿದ್ದು, ಕಾಲಕ್ರಮದಲ್ಲಿ 'ಗೋ' ಎಂಬುದರ ಜೊತೆಗೆ ಸೇರಿಕೊಂಡಿತು.

ಹೊಸದಾಗಿ ಬಂದ ಪದಗಳಾದರೋ ನಿಯಮಕ್ಕೆ ತಲೆಬಾಗುತ್ತವೆ. ಇಂಗ್ಲಿಷಿನ 'ಇಮೇಲ್' ಎಂಬುದು 'ಇಮೇಲ್ಡ್' ಎಂದೇ ಆಗುತ್ತದೆ. ಕನ್ನಡದಲ್ಲಿಯೂ ಸಂಸ್ಕೃತದಿಂದ ಬಂದ 'ಮುದ್ರಿಸು', 'ಪ್ರಯಾಣಿಸು' ಮೊದಲಾದವು 'ಮುದ್ರಿಸಿದನು', 'ಪ್ರಯಾಣಿಸಿದನು' ಎಂದು ಕ್ರಮವಾಗಿಯೇ ನಡೆಯುತ್ತವೆ.

ನಿಯಮ ಮೀರಿದ ಪದಗಳಲ್ಲಿಯೂ ಕುಟುಂಬಗಳಿವೆ. ಕೊಡು, ಬಿಡು, ಇಡು, ನೆಡು ಎಂಬುವು ಕೊಟ್ಟನು, ಬಿಟ್ಟನು, ಇಟ್ಟನು, ನೆಟ್ಟನು ಎಂದು ಒಂದೇ ದಾರಿಯಲ್ಲಿ ಸಾಗುವಂತೆ, ಇಂಗ್ಲಿಷಿನಲ್ಲಿ ಸಿಂಗ್–ಸ್ಯಾಂಗ್–ಸಂಗ್, ರಿಂಗ್–ರ‍್ಯಾಂಗ್–ರಂಗ್, ಡ್ರಿಂಕ್–ಡ್ರ್ಯಾಂಕ್–ಡ್ರಂಕ್ ಎಂಬುವು ಒಂದು ಕುಟುಂಬ. ಬ್ರಿಂಗ್–ಬ್ರಾಟ್, ಬೈ–ಬಾಟ್, ಟೀಚ್–ಟಾಟ್ ಎಂಬುವು ಮತ್ತೊಂದು. ಕಟ್, ಪುಟ್, ಹಿಟ್ ಎಂಬುವು ಯಾವ ಬದಲಾವಣೆಯನ್ನೂ ಹೊಂದುವುದಿಲ್ಲ. ಹೀಗೆ ಗುಂಪಾಗಿ ಕಲಿತರೆ ನೆನಪಿನ ಹೊರೆ ಹಗುರವಾಗುತ್ತದೆ.

ರೂಪಗಳು ನೆನಪಿದ್ದರೂ ವಾಕ್ಯದಲ್ಲಿ ಬಳಸುವಾಗ ಎರಡು ಕಡೆ ಎಡವುವುದುಂಟು. 'ಹೀ ಡಿಡ್ ನಾಟ್ ವೆಂಟ್' ಎಂಬುದು ತಪ್ಪು; 'ಹೀ ಡಿಡ್ ನಾಟ್ ಗೋ' ಎಂಬುದು ಸರಿ. ಭೂತಕಾಲವನ್ನು 'ಡಿಡ್' ಎಂಬ ಸಹಾಯಕ ಕ್ರಿಯಾಪದವೇ ಹೊತ್ತಿರುವಾಗ ಮುಖ್ಯ ಕ್ರಿಯಾಪದವು ಅದನ್ನು ಮತ್ತೆ ಹೊರಬೇಕಾಗಿಲ್ಲ. ಕನ್ನಡದಲ್ಲಿಯೂ 'ಹೋದನು' ಎಂಬುದರ ನಿಷೇಧ ರೂಪ 'ಹೋಗಲಿಲ್ಲ' ಎಂದಾಗುತ್ತದೆಯೇ ಹೊರತು 'ಹೋದಲಿಲ್ಲ' ಎಂದಾಗುವುದಿಲ್ಲ. ಎರಡನೆಯದಾಗಿ, 'ಹ್ಯಾವ್', 'ಹ್ಯಾಸ್', 'ಹ್ಯಾಡ್' ಎಂಬುವುಗಳ ಮುಂದೆ ಕ್ರಿಯಾಪದದ ಮೂರನೆಯ ರೂಪ ಬರಬೇಕು. 'ಶೀ ಸ್ಯಾಂಗ್ ಯೆಸ್ಟರ್‌ಡೇ' ಎಂಬುದು ಸರಿ. 'ಶೀ ಹ್ಯಾಸ್ ಸ್ಯಾಂಗ್' ಎಂಬುದು ತಪ್ಪು, 'ಶೀ ಹ್ಯಾಸ್ ಸಂಗ್' ಎನ್ನಬೇಕು.

ಇಂಗ್ಲಿಷ್ ಮಾತೃಭಾಷೆಯಾಗಿರುವ ಚಿಕ್ಕ ಮಕ್ಕಳೂ 'ಕಮ್', 'ಗೋ' ಎಂಬುವುಗಳಿಗೆ ಸಾಮಾನ್ಯ ಪ್ರತ್ಯಯ ಹಚ್ಚಿ 'ಕಮ್ಡ್', 'ಗೋಡ್' ಎನ್ನುವುದುಂಟು. ಅದು ದಡ್ಡತನದ ಗುರುತಲ್ಲ. ನಿಯಮವನ್ನು ತಾನೇ ಕಂಡುಕೊಂಡ ಮನಸ್ಸು ಅದನ್ನು ಎಲ್ಲ ಕಡೆಗೂ ಅನ್ವಯಿಸಿದ ಫಲ. ಸರಿಯಾದ ರೂಪವನ್ನು ಪದೇ ಪದೇ ಕೇಳಿ, ಆಡಿ, ಆ ಮಕ್ಕಳು ತಿದ್ದಿಕೊಳ್ಳುತ್ತಾರೆ. ಆದುದರಿಂದ ತಪ್ಪಾದೀತೆಂಬ ಸಂಕೋಚದಿಂದ ಮೌನವಾಗಿರುವ ವಿದ್ಯಾರ್ಥಿಯು ಕಲಿಕೆಯ ಮಾರ್ಗವನ್ನೇ ಮುಚ್ಚಿಕೊಂಡಂತೆ. ಪಟ್ಟಿಯನ್ನು ಬಾಯಿಪಾಠ ಮಾಡುವುದರ ಜೊತೆಗೆ ಪ್ರತಿಯೊಂದು ರೂಪವನ್ನೂ ವಾಕ್ಯದಲ್ಲಿಟ್ಟು ಗಟ್ಟಿಯಾಗಿ ಓದಬೇಕು, ಬರೆಯಬೇಕು, ಆಡಬೇಕು. ಬಳಕೆಯಿಂದ ಉಳಿದುಬಂದ ಪದಗಳು ಬಳಕೆಯಿಂದಲೇ ವಶವಾಗುತ್ತವೆ.